ಎರಡನೇ ಮಾದರಿಯ ದುರ್ಬೀನು

ನಮ್ಮೂರಿನ ಸೂರ್ಯ ನೆತ್ತಿಗೆ ಬಂದು ನಿಂತುಬಿಡುತ್ತಾನೆ. ಊರಿನವರು ಯಾರಾದರೂ ಒಬ್ಬರು ತಲೆಯೆತ್ತಿ ಅವನ ಮುಖ ನೋಡುವವರೆಗೆ ಪಡುವಣದ ಕಡೆ ಒಂದು ಗೇಣೂ ಜರುಗುವುದಿಲ್ಲ. ಬೇರೆ ಊರುಗಳಲ್ಲಿ ಅವನು ಯಾರನ್ನೂ ಕೇಳದೆ ತನ್ನ ಪಾಡಿಗೆ ತಾನು ಹೋಗುತ್ತಾನಂತೆ. ಇರಬಹುದು. ಕೆಲವು ಮನೆಗಳ ಅಳಿಯಂದಿರು ಬಂದವರೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ತಟ್ಟೆ ಹಾಕಿಕೊಂಡು ಕೂರುತ್ತಾರೆ. ಕೆಲವು ಮನೆಗಳ ಅಳಿಯಂದಿರು ಯಾರಾದರೂ ಎದುರು ಬಂದು ಮುಖ ನೋಡಿ 'ಬನ್ನಿ' ಅನ್ನುವವರೆಗೆ ಹೊಸ್ತಿಲ ಹೊರಗೇ ನಿಂತಿರುತ್ತಾರೆ. ನಮಗೆ ಸಿಕ್ಕಿದವನು ಎರಡನೇ ಥರದವನು.

ಇದರಿಂದ ಊರಿಗೆ ಅಂಥ ತೊಂದರೆಯೇನೂ ಇಲ್ಲ. ಸೂರ್ಯ ನಿಂತರೂ ಗಡಿಯಾರ ಓಡುತ್ತಿರುತ್ತದೆ, ಸಂಜೆಯೊಳಗೆ ಇಬ್ಬರೂ ಹೇಗೋ ಸರಿದೂಗಿಸಿಕೊಳ್ಳುತ್ತಾರೆ. ಅದು ಅವರಿಬ್ಬರ ವ್ಯವಹಾರ. ಸೂರ್ಯ ಕದಲುವವರೆಗೆ ಕಚೇರಿಗಳಿಗೆ ಊಟದ ವಿರಾಮ ಎಂದು ಹಳೆಯ ಕಾನೂನೊಂದಿದೆ. ಆದ್ದರಿಂದ ನಮ್ಮೂರಿನ ನೌಕರರಷ್ಟು ಭಕ್ತಿಯಿಂದ ಸೂರ್ಯನನ್ನು ನಿಲ್ಲಿಸಿಕೊಳ್ಳುವವರು ಎಲ್ಲಿಯೂ ಸಿಗಲಾರರು. ಪುರಸಭೆಯ ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುವ ಕೆಂಚಮ್ಮನಂತೂ ದಿನಾ ಕೂಗುತ್ತಾಳೆ: "ಒಂದ್ ಗಳಿಗೆ ತಡ್ಕೊಳ್ಳೇ ರೇವಕ್ಕ, ಇನ್ನೊಂದು ಮಗ್ಗುಲು ಒಣಗ್ಲಿ!"

ಆ ರೇವಕ್ಕ ನಾನು. ನೋಡುವ ಕೆಲಸ ನಮ್ಮ ಮನೆತನದ್ದು. ನಮ್ಮಜ್ಜ ನೋಡಿದ, ಕುರುಡನಾದ. ನಮ್ಮಪ್ಪ ಸಣ್ಣಪ್ಪ ನೋಡಿದ, ಕುರುಡನಾದ. ಪ್ರತಿ ವರ್ಷ ಪುರಸಭೆಯವರು ನಮ್ಮ ಮನೆಯವರಿಗೆ ಒಂದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ, ಕಣ್ಣು ಹೋದ ವರ್ಷ ಮಾತ್ರ ಎರಡು ಶಾಲು. ಅಜ್ಜನ ಕಾಲದಲ್ಲಿ ಬರಿಗಣ್ಣಿನ ನೋಟವೇ ಸಾಕಾಗುತ್ತಿತ್ತು. ಅಪ್ಪನ ಕಾಲಕ್ಕೆ ಸೂರ್ಯ ಬಡ್ತಿ ಸಿಕ್ಕ ಅಧಿಕಾರಿಯ ಹಾಗಾದ. ಬರಿಗಣ್ಣಿನಿಂದ ನೋಡಿದರೆ ಮಿಸುಕುತ್ತಿರಲಿಲ್ಲ, ಹತ್ತಿರದಿಂದ ನೋಡಬೇಕಾಯಿತು. ಒಂದೇ ಕಣ್ಣಿನ ದೂರದರ್ಶಕ ತಂದು ನೋಡಿದರು. ಅದಕ್ಕೂ ಅವನು ಒಪ್ಪಲಿಲ್ಲ. ಒಂದು ಕಣ್ಣು ಮುಚ್ಚಿ ನೋಡುವುದು ಕಣ್ಣು ಹೊಡೆದ ಹಾಗೆ, ಮರ್ಯಾದಸ್ಥನನ್ನು ಹಾಗೆ ನೋಡಬಾರದು ಎಂದು ಹಿರಿಯರು ತೀರ್ಮಾನಿಸಿ ದುರ್ಬೀನು ತರಿಸಿದರು. ಎರಡು ಕೊಳವೆಯದು, ಹಿತ್ತಾಳೆಯದು, ಕಣ್ಣಿಟ್ಟು ನೋಡುವ ತುದಿಗೆ ಹೊಗೆ ಹಿಡಿಸಿದ ಕಪ್ಪು ಗಾಜಿನ ಎರಡು ಬಿಲ್ಲೆ.

ಅಪ್ಪ ಮೂವತ್ತೊಂದು ವರ್ಷ ಅದರಲ್ಲಿ ನೋಡಿದ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಲಗಡೆಯ ಕಪ್ಪು ಬಿಲ್ಲೆ ಬಿಸಿಗೆ ಟಪ್ಪೆಂದು ಸೀಳಿತು. ಆವತ್ತೇ ಬಲಗಣ್ಣು ಹೋಯಿತು. ಎಡಗಣ್ಣು ಹೋಗುತ್ತಿದ್ದುದನ್ನು ಅಪ್ಪ ಯಾರಿಗೂ ಹೇಳಲಿಲ್ಲ. ಹೋದ ವರ್ಷ ಮಾಘದಲ್ಲಿ ಒಂದು ದಿನ ಅಪ್ಪ ದುರ್ಬೀನು ಹಿಡಿದು ನಿಂತೇ ಇದ್ದ, ಸೂರ್ಯನೂ ನಿಂತೇ ಇದ್ದ. ಗಡಿಯಾರದಲ್ಲಿ ಮೂರೂವರೆಯಾಯಿತು. ಕಾಣದ ಕಣ್ಣನ್ನು ಸೂರ್ಯ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಗೊತ್ತಾದದ್ದು ಆವತ್ತೇ. ನಾನು ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತ ಕೂತಿದ್ದವಳು ಎದ್ದು ಓಡಿದೆ, ಅಪ್ಪನ ಕೈಯಿಂದ ದುರ್ಬೀನು ಕಿತ್ತುಕೊಂಡು ನೋಡಿದೆ. ಸೂರ್ಯ ಕದಲಿದ. ಊರವರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣೊಳಗೆ ಹಸಿರು ಚುಕ್ಕೆಯೊಂದು ಮೂರು ದಿನ ಕುಣಿಯಿತು. ನಾಲ್ಕನೇ ದಿನ ಅದು ಹೋಯಿತು, ಹೋದ ಜಾಗದಲ್ಲಿ ಸಾಸಿವೆಯಷ್ಟು ಮಸುಕು ಉಳಿಯಿತು.

ಕುಚ್ಚು ಕಟ್ಟುವವಳಿಗೆ ಸಾಸಿವೆಯಷ್ಟು ಮಸುಕು ಸಣ್ಣದಲ್ಲ. ಅರಿಶಿನದ ರೇಷ್ಮೆಗೂ ಕೆನೆ ಬಣ್ಣದ ರೇಷ್ಮೆಗೂ ಇರುವ ವ್ಯತ್ಯಾಸ ನೋಡಬೇಕಾದರೆ ನಾನು ತಲೆಯನ್ನು ಕೋಳಿಯ ಹಾಗೆ ಓರೆ ಮಾಡಬೇಕಾಯಿತು. ದಿನಾ ಮಧ್ಯಾಹ್ನ ಅದೇ ಹಳೆಯ ದುರ್ಬೀನು, ಅದಕ್ಕೆ ಹೊಸದಾಗಿ ಹೊಗೆ ಹಿಡಿಸಿದ ಬಿಲ್ಲೆ. ಒಂದು ತಿಂಗಳಲ್ಲಿ ಸಾಸಿವೆ ಹೋಗಿ ಹೆಸರುಕಾಳಾಯಿತು. ನನಗೆ ಭಯವಾಯಿತು. ಅಪ್ಪನಿಗೂ ಅಜ್ಜನಿಗೂ ಇಂಥ ಕಾಳಿನಿಂದಲೇ ಶುರುವಾಗಿತ್ತು. ನಾನು ಪುರಸಭೆಗೆ ಅರ್ಜಿ ಬರೆದೆ: ನೋಡುವುದಿಲ್ಲ ಅನ್ನುತ್ತಿಲ್ಲ, ಕಣ್ಣು ಉಳಿಯುವಂಥ ದುರ್ಬೀನು ಕೊಡಿಸಿ, ದಯವಿಟ್ಟು ಬೇಗ.

ನಮ್ಮೂರಲ್ಲಿ ಕನ್ನಡಕದ ಅಂಗಡಿಯೊಂದಿದೆ, ಖಲಂದರ್ ಸಾಹೇಬರದು. ಅರ್ಜಿ ಕೊಟ್ಟ ದಿನವೇ ಅವರ ಹತ್ತಿರ ಹೋಗಿ ಎಂಥದ್ದು ತರಿಸಬೇಕು ಎಂದು ಕೇಳಿದೆ. ಸಾಹೇಬರು ಮಾತು ಕಡಿಮೆ ಆಡುವವರು. ಅಂಗಡಿಯ ಒಂದು ಮಾಮೂಲಿ ದುರ್ಬೀನನ್ನು ತೆಗೆದುಕೊಂಡು ನನ್ನನ್ನು ಹಿತ್ತಲಿಗೆ ಕರೆದೊಯ್ದರು. ಅದನ್ನು ಸೂರ್ಯನ ಕಡೆ ತಿರುಗಿಸಿ, ಕಣ್ಣಿಡುವ ತುದಿಯ ಹಿಂದೆ ಒಂದು ಒಣ ಎಲೆ ಹಿಡಿದರು. ಉಸಿರು ಬಿಡುವುದರೊಳಗೆ ಎಲೆಯಿಂದ ಹೊಗೆ ಎದ್ದಿತು.

"ಎಲೆ ಇರೋ ಜಾಗದಲ್ಲಿ ನಿನ್ನ ಕಣ್ಣು ಇರುತ್ತೆ ತಾಯಿ" ಅಂದರು. "ಮುಂದಿನ ದೊಡ್ಡ ಗಾಜು ಅಷ್ಟು ಬಿಸಿಲನ್ನೂ ಬಾಚಿ ಒಂದು ಕಡೆ ತಂದು ಸುರಿಯುತ್ತೆ. ಅಲ್ಲಿ ಕಪ್ಪು ಬಿಲ್ಲೆ ಇಟ್ರೆ ಎಷ್ಟು ಹೊತ್ತು ತಡಿಯುತ್ತೆ? ತಡಿಯೋದಾದ್ರೆ ಬಾಗಿಲಲ್ಲೇ ತಡೀಬೇಕು, ಅಡುಗೆಮನೆಗೆ ಬಂದ ಮೇಲಲ್ಲ."

"ಅಂಥದ್ದು ಸಿಗುತ್ತಾ ಸಾಹೇಬ್ರೆ?"

"ಸಿಗುತ್ತೆ. ಮುಂದಿನ ಎರಡು ಗಾಜಿಗೂ ಫಿಲ್ಟರ್ ಕೂಡಿಸಿಯೇ ಬರುತ್ತೆ, ಕಿತ್ತರೂ ಬರೋಲ್ಲ. ಸೂರ್ಯನ್ನ ನೋಡೋಕೇ ಅಂತ ಪರೀಕ್ಷೆ ಮಾಡಿ ಮುದ್ರೆ ಹಾಕಿರ್ತಾರೆ. ಎಂಟು ಪಟ್ಟು ಹತ್ತಿರ ತೋರಿಸಿದ್ರೆ ಸಾಕು, ಜಾಸ್ತಿ ಆದ್ರೆ ಕೈ ನಡುಗಿ ಅವನು ಕುಣೀತಾನೆ. ದಿನಾ ಹಿಡಿಯೋ ಮುಂಚೆ ಫಿಲ್ಟರಿಗೆ ಗೀರು, ತೂತು ಬಿದ್ದಿದೆಯಾ ನೋಡ್ಕೋಬೇಕು. ಬಿದ್ದಿದ್ರೆ ಮುಟ್ಟಬೇಡ."

ಇಷ್ಟು ಮಾತಿಗೆ ಕಾಲು ಗಂಟೆಯೂ ಹಿಡಿಯಲಿಲ್ಲ. ಇದೇ ವಿಷಯವನ್ನು ತೀರ್ಮಾನಿಸಲು ಪುರಸಭೆಯವರು ಒಂದು ಸಮಿತಿ ಮಾಡಿ ಎರಡು ತಿಂಗಳು ತೆಗೆದುಕೊಂಡರು. ಅಷ್ಟರೊಳಗೆ ಸಾಹೇಬರು ಅಂಥ ದುರ್ಬೀನನ್ನು ತರಿಸಿಯೂ ಬಿಟ್ಟರು. ಸಮಿತಿ ಕೂರುವ ತನಕ ನಾನು ಅದರಲ್ಲಿ ನೋಡುತ್ತಿರಲೇ ಎಂದು ಗುಮಾಸ್ತ ಶ್ಯಾಮಣ್ಣನನ್ನು ಕೇಳಿದೆ. ದಿನಾ ಮಧ್ಯಾಹ್ನ ರಿಜಿಸ್ಟರ್ ಹಿಡಿದು ನನ್ನ ಪಕ್ಕ ನಿಂತು ನೋಟವಾಯಿತೆಂದು ಬರೆದುಕೊಳ್ಳುವವನು ಅವನೇ. ಒಳ್ಳೆಯವನು, ಆದರೆ ನಿಯಮವನ್ನು ಕಂಡರೆ ಅತ್ತೆಯನ್ನು ಕಂಡ ಸೊಸೆಯ ಹಾಗೆ ಸೆರಗು ಹೊದ್ದು ನಿಲ್ಲುವವನು.

"ಖಾಸಗಿ ವಸ್ತುವಿನಿಂದ ಸರ್ಕಾರಿ ನೋಟ ನೋಡೋ ಹಾಗಿಲ್ಲ ರೇವಕ್ಕ" ಅಂದ. "ಆಮೇಲೆ ಸೂರ್ಯ ಕದಲಿದ್ದು ಯಾರ ಲೆಕ್ಕಕ್ಕೆ ಅಂತ ಆಕ್ಷೇಪಣೆ ಬರುತ್ತೆ."

"ಅಷ್ಟರಲ್ಲಿ ನನ್ನ ಕಣ್ಣು ಹೋದ್ರೆ?"

"ಅದಕ್ಕೆ ಶಾಲು ಇದೆಯಲ್ಲ" ಅಂದ. ಪಾಪ, ಚುಚ್ಚಬೇಕೆಂದು ಹೇಳಿದ್ದಲ್ಲ. ಪುರಸಭೆ ಕೊಡುವುದನ್ನು ನೆನಪು ಮಾಡಿದ್ದು.

ಸಮಿತಿ ಕೊನೆಗೂ ಸೇರಿತು. ಅಧ್ಯಕ್ಷರು ತೋಂಟಪ್ಪನವರು. ಅವರು ಯಾವ ವಿಷಯದಲ್ಲೂ ಪೂರ್ವಗ್ರಹ ಇಟ್ಟುಕೊಳ್ಳುವವರಲ್ಲ, ಯಾಕೆಂದರೆ ಯಾವ ವಿಷಯವನ್ನೂ ಸಭೆಗೆ ಮುಂಚೆ ಓದುವವರಲ್ಲ. ನಾನು ಸದಸ್ಯಳಲ್ಲವಾದ್ದರಿಂದ ಬಾಗಿಲ ಹೊರಗೆ ನಿಲ್ಲಬೇಕೆಂದೂ ಬಾಗಿಲನ್ನು ತೆರೆದಿಡಬಹುದೆಂದೂ ಅಪ್ಪಣೆಯಾಯಿತು. ಮೇಜಿನ ಮೇಲೆ ಮೂರು ಮಾದರಿಗಳಿದ್ದವು. ಒಂದನೆಯದು ಅಧ್ಯಕ್ಷರ ಬಾಮೈದನ ಅಂಗಡಿಯದು, ಮಗುವಿನ ತಲೆಯಷ್ಟು ದಪ್ಪ, ಅಂಚಿಗೆ ಚಿನ್ನದ ಬಣ್ಣ, ಫಿಲ್ಟರ್ ಗಿಲ್ಟರ್ ಏನೂ ಇಲ್ಲ. ಎರಡನೆಯದು ಖಲಂದರ್ ಸಾಹೇಬರದು. ಮೂರನೆಯದು ಪರಸ್ಥಳದ ವ್ಯಾಪಾರಿಯೊಬ್ಬ ಕಳಿಸಿದ್ದು, ಅಪ್ಪನ ಹಳೆಯದರಂತೆಯೇ ಕಣ್ಣಿನ ತುದಿಗೆ ಕಪ್ಪು ಬಿಲ್ಲೆಯದು.

ಮಾದರಿಗಳನ್ನು ಸಭಾಂಗಣದೊಳಗೇ, ಸದಸ್ಯರೆಲ್ಲರ ಸಮ್ಮುಖದಲ್ಲೇ ಪರೀಕ್ಷಿಸತಕ್ಕದ್ದು, ಹೊರಗೆ ಒಯ್ಯಕೂಡದು ಎಂದು ನಿಯಮ. ಸಭಾಂಗಣದ ಕಿಟಕಿಗಳೆಲ್ಲ ಉತ್ತರಕ್ಕೆ. ಸದಸ್ಯರ ಮುಖಕ್ಕೆ ಬಿಸಿಲು ಹೊಡೆಯಬಾರದೆಂದೇ ಹಾಗೆ ಕಟ್ಟಿಸಿದ್ದು. ತೋಂಟಪ್ಪನವರು ಮೊದಲನೆಯದನ್ನು ಎತ್ತಿಕೊಂಡು ಕಿಟಕಿಯಿಂದ ನೋಡಿದರು. ಎದುರು ರಸ್ತೆಯ ಹೋಟೆಲಿನ ಬೆಲೆಪಟ್ಟಿ, ಅದರ ಕೆಳಗೆ ಭಟ್ಟರು ಬೆವರು ಒರೆಸಿದ ಬಟ್ಟೆಯಿಂದಲೇ ದೋಸೆಯ ಕಾವಲಿ ಒರೆಸಿದ್ದು, ಎಲ್ಲ ಕೈಗೆ ಸಿಗುವ ಹಾಗೆ ಕಂಡಿತು. "ಆಹಾ! ಏನು ಸ್ಪಷ್ಟ, ಏನು ಸ್ಪಷ್ಟ!" ಎಂದು ಹತ್ತು ನಿಮಿಷ ನೋಡಿದರು. ಸದಸ್ಯರೂ ಸರದಿಯಲ್ಲಿ ನೋಡಿ ಮಧ್ಯಾಹ್ನದ ದೋಸೆ ಬೇಡವೆಂದು ನಿಶ್ಚಯಿಸಿದರು.

ಆಮೇಲೆ ಎರಡನೆಯದು. ಅಧ್ಯಕ್ಷರು ಕಣ್ಣಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು. ಕೆಳಗೆ ನೋಡಿದರು, ಮೇಲೆ ನೋಡಿದರು, ಹೋಟೆಲಿನ ಕಡೆ ನೋಡಿದರು.

"ಕತ್ತಲೆ ಕಣ್ರೀ" ಅಂದರು. "ಬಾವಿಯೊಳಗೆ ಬಗ್ಗಿದ ಹಾಗಿದೆ."

ಸದಸ್ಯರೂ ನೋಡಿದರು. ಎಲ್ಲರಿಗೂ ಕತ್ತಲೆ. ಇಷ್ಟು ಒಮ್ಮತ ನಮ್ಮ ಪುರಸಭೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಖಲಂದರ್ ಸಾಹೇಬರು ಮೂಲೆಯಲ್ಲಿ ಎದ್ದು ನಿಂತು, "ಅದರಲ್ಲಿ ಸೂರ್ಯ ಬಿಟ್ಟು ಬೇರೆ ಏನೂ ಕಾಣಬಾರದು ಸಾರ್, ಅದೇ ಅದರ ಗುಣ. ಹೊರಗೆ ಹೋಗಿ ಸೂರ್ಯನ್ನ ನೋಡಿ" ಅಂದರು.

"ಸೂರ್ಯನ್ನ ಬಿಟ್ಟು ಬೇರೇನೂ ಕಾಣದ ಬೈನಾಕ್ಯುಲರ್ ಪುರಸಭೆಗೆ ಯಾತಕ್ರೀ?"

"ಸೂರ್ಯನ್ನ ನೋಡೋಕೆ ಅಂತಲೇ ಅಲ್ವಾ ಸಾರ್ ತರಿಸಿದ್ದು?"

"ಅದು ದಿನಕ್ಕೆ ಒಂದು ನಿಮಿಷದ ಕೆಲಸ. ಉಳಿದ ಹೊತ್ತು?" ಎಂದು ತೋಂಟಪ್ಪನವರು ಸದಸ್ಯರ ಕಡೆ ನೋಡಿದರು. ಎಲ್ಲರೂ ಉಳಿದ ಹೊತ್ತಿನ ಬಗ್ಗೆ ಚಿಂತೆಗೊಳಗಾದರು. "ಕೆರೆ ನೋಡಬೇಕು, ಬಡಾವಣೆ ನೋಡಬೇಕು, ಗಣ್ಯರು ಬಂದರೆ ಅವರಿಗೆ ಏನಾದರೂ ತೋರಿಸಬೇಕು. ಇದರಲ್ಲಿ ಏನು ತೋರಿಸೋಣ, ಕತ್ತಲೆಯನ್ನಾ?"

ನನಗೆ ತಡೆಯಲಾಗಲಿಲ್ಲ. ಬಾಗಿಲಿನಿಂದಲೇ, "ಸ್ವಾಮಿ, ಮೊದಲನೇದರಲ್ಲಿ ಸೂರ್ಯನ್ನ ನೋಡಿದ್ರೆ ಕಣ್ಣು ಸುಟ್ಟು ಹೋಗುತ್ತೆ. ನೋಡೋಳು ನಾನು" ಅಂದೆ.

"ಅದಕ್ಕೆ ಪರಿಹಾರ ಇದೆಯಮ್ಮ" ಎಂದು ಅಧ್ಯಕ್ಷರು ಪ್ರೀತಿಯಿಂದಲೇ ಹೇಳಿದರು. "ಶ್ಯಾಮಣ್ಣ, ಬರ್ಕೊಳ್ಳಿ. ನೋಡುವವರ ಸುರಕ್ಷತೆಯನ್ನು ಗಮನದಲ್ಲಿಟ್ಟುಕೊಂಡು ಅವರಿಗೆ ಒಂದು ಕೂಲಿಂಗ್ ಗ್ಲಾಸ್ ಒದಗಿಸತಕ್ಕದ್ದು."

ಶ್ಯಾಮಣ್ಣ ಬರೆದುಕೊಂಡ. ಅದರ ಮೇಲಿನ ಸಾಲುಗಳನ್ನೂ ಬರೆದ, ಆಮೇಲೆ ನನಗೇ ಓದಿ ಹೇಳಿದ. 'ಮಾದರಿ ಒಂದು: ಅತ್ಯಂತ ಸ್ಪಷ್ಟ, ಅಂಗೀಕೃತ. ಮಾದರಿ ಎರಡು: ಏನೂ ಕಾಣಿಸುವುದಿಲ್ಲ, ತಿರಸ್ಕೃತ. ಮಾದರಿ ಮೂರು: ಅರ್ಧಂಬರ್ಧ ಕಾಣಿಸುತ್ತದೆ, ತಿರಸ್ಕೃತ.' ಎರಡನೆಯ ಸಾಲು ಓದುವಾಗ ಅವನು ನನ್ನ ಮುಖ ನೋಡಲಿಲ್ಲ. ನಾನು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ, "ನೀನು ಬಣ್ಣದ ದಾರದ ಉಂಡೆಗಳನ್ನ ಬೇರೆ ಬೇರೆ ಡಬ್ಬಿಗೆ ಹಾಕಿಡು, ಯಾವುದು ಯಾವ ಡಬ್ಬಿ ಅಂತ ಈಗಲೇ ಕೈಗೆ ಅಭ್ಯಾಸ ಆಗಲಿ" ಅಂದ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಸಿಟ್ಟು ಬಂದದ್ದು ಅವನು ಹೇಳಿದ್ದು ಸರಿಯಾಗಿದ್ದದ್ದಕ್ಕೆ.

ಬೈನಾಕ್ಯುಲರ್ ಲೋಕಾರ್ಪಣೆಗೆ ದಿನ ಗೊತ್ತಾಯಿತು. ಪುರಸಭೆಯ ತಾರಸಿಗೆ ಶಾಮಿಯಾನ ಹಾಕಿ, ಸೂರ್ಯ ಕಾಣುವುದಿಲ್ಲವೆಂದು ನೆನಪಾಗಿ ಅದರ ನಡುವೆ ಒಂದು ಕಿಂಡಿ ಕೊಯ್ದರು. ವಾದ್ಯದವರು ಬಂದರು. ನಿಯಮದಂತೆ ಹಳೆಯ ದುರ್ಬೀನನ್ನು ಬೆಳಗ್ಗೆಯೇ ಗುಜರಿಗೆ ಹಾಕಿ ರಸೀದಿ ತಂದಿದ್ದರು. ಹೊಸ ದುರ್ಬೀನು ಹೂವಿನ ಹಾರ ಹಾಕಿಕೊಂಡು, ಎರಡು ಗಾಜಿಗೂ ಅರಿಶಿನ ಕುಂಕುಮ ಬಳಿಸಿಕೊಂಡು ಮೇಜಿನ ಮೇಲೆ ಮದುವಣಗಿತ್ತಿಯ ಹಾಗೆ ಕೂತಿತ್ತು. ಗುಮಾಸ್ತ ಅದನ್ನು ಒರೆಸಿ ಒರೆಸಿ ಸುಸ್ತಾದ. ತಿರಸ್ಕೃತ ಮಾದರಿಯನ್ನು ಅದೇ ದಿನ ವಾಪಸು ಒಯ್ಯತಕ್ಕದ್ದೆಂದು ಕಾಗದ ಹೋಗಿದ್ದರಿಂದ ಖಲಂದರ್ ಸಾಹೇಬರೂ ಬಂದು, ತಮ್ಮ ದುರ್ಬೀನನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು.

ನನಗೆ ಶಾಲು ಹೊದಿಸಿ ಕೂಲಿಂಗ್ ಗ್ಲಾಸ್ ಕೊಟ್ಟರು. ಅಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದು ನಿಂತ. ಧ್ವಜದ ಕಂಬದ ನೆರಳು ಅದರ ಬುಡದಲ್ಲೇ ಮುದುರಿ ಕೂತಿತು. ಮೊದಲ ನೋಟ ನನ್ನದೆಂದು ನಾನು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದರೆ, ತೋಂಟಪ್ಪನವರು ಎದ್ದು ಬಂದು, "ಪ್ರಥಮ ನೋಟ ಅಧ್ಯಕ್ಷರದ್ದು. ಫೋಟೋ ತೆಗೀಬೇಕು" ಎಂದು ದುರ್ಬೀನು ಎತ್ತಿಕೊಂಡರು.

ಸುಳ್ಳು ಹೇಳುವುದಿಲ್ಲ. ನೋಡಲಿ ಬಿಡು ಅನ್ನಿಸಿತು ನನಗೆ. ಅವರಿಗೂ ಎರಡು ಶಾಲು ಸಿಗಲಿ ಅನ್ನಿಸಿತು. ಮೂರು ಉಸಿರು ಎಳೆಯುವಷ್ಟು ಹೊತ್ತು ಹಾಗೇ ಅನ್ನಿಸುತ್ತಿತ್ತು. ಆಮೇಲೆ ಮೊದಲ ಸಾಲಿನಲ್ಲಿ ಕೂತಿದ್ದ ಅಪ್ಪನ ಮುಖ ಕಂಡಿತು. ಎಲ್ಲರೂ ತಲೆಯೆತ್ತಿದ್ದಾರೆಂದು ತಿಳಿದು ಅವನೂ ತಲೆಯೆತ್ತಿ, ಎಲ್ಲರಿಗಿಂತ ಬೇರೆ ಕಡೆ ನೋಡುತ್ತಿದ್ದ. ನಾನು ಅಧ್ಯಕ್ಷರ ಕೈಯಿಂದ ದುರ್ಬೀನನ್ನು ಕಿತ್ತುಕೊಂಡೆ.

"ಏಯ್, ಇವಳಿಗೇನಾಯ್ತು?" ಎಂದರು ಯಾರೋ. ನಾನು ಪಕ್ಕದ ತಾರಸಿಯ ಕಡೆ ತಿರುಗಿ, "ಕೆಂಚಮ್ಮಾ, ಒಂದೆರಡು ಹಪ್ಪಳ ಎಸಿ ಇತ್ಲಾಗೆ" ಎಂದು ಕೂಗಿದೆ. ಹಪ್ಪಳ ಹಾರಿ ಬಂತು. ದುರ್ಬೀನನ್ನು ಮೇಜಿನ ಮೇಲೆ ಒರಗಿಸಿ ಸೂರ್ಯನ ಕಡೆ ತಿರುಗಿಸಿದೆ, ಕಣ್ಣಿಡುವ ತುದಿಗೆ ಹಪ್ಪಳ ಹಿಡಿದೆ. ನಾನು ಏನೂ ಹೇಳಬೇಕಾಗಲಿಲ್ಲ. ಮೊದಲು ಹಿಂಗಿನ ವಾಸನೆ ಬಂತು, ಆಮೇಲೆ ಹೊಗೆ ಬಂತು, ಆಮೇಲೆ ಹಪ್ಪಳದ ನಡುವೆ ಅಕ್ಕಪಕ್ಕ ಎರಡು ತೂತು ಬಿದ್ದವು. ನಾನು ಆ ಹಪ್ಪಳವನ್ನು ಅಧ್ಯಕ್ಷರ ಮುಖದ ಎದುರಿಗೆ ಎತ್ತಿ ಹಿಡಿದೆ. ಎರಡು ತೂತುಗಳ ಹಿಂದೆ ಅವರ ಎರಡು ಕಣ್ಣು ಕಂಡವು. ವಾದ್ಯ ತನ್ನಷ್ಟಕ್ಕೆ ನಿಂತಿತು.

ತೋಂಟಪ್ಪನವರು, "ಹಪ್ಪಳದ ಗುಣಮಟ್ಟ ಸರಿ ಇಲ್ಲ" ಅಂದರು.

"ನನ್ನ ಹಪ್ಪಳಕ್ಕೆ ಹೆಸರಿಟ್ರೆ ನೆಟ್ಟಗಿರಲ್ಲ!" ಎಂದು ಪಕ್ಕದ ತಾರಸಿಯಿಂದ ಕೆಂಚಮ್ಮ ಗುಡುಗಿದಳು. ಜನ ನಕ್ಕರು. ಆದರೆ ನಕ್ಕ ಮೇಲೆ ಎಲ್ಲರೂ ಮೇಲೆ ನೋಡಿದರು, ನೋಡಿ ಕಣ್ಣು ಕೆಳಗಿಳಿಸಿದರು. ಸೂರ್ಯ ಅಲ್ಲೇ ಇದ್ದ. ಅಂಗೀಕೃತ ದುರ್ಬೀನನ್ನು ಈಗ ಯಾರೂ ಮುಟ್ಟುವ ಹಾಗಿರಲಿಲ್ಲ. ಹಳೆಯದು ಗುಜರಿಯಲ್ಲಿತ್ತು. ಬರಿಗಣ್ಣಿಗೆ ಅವನು ಬಗ್ಗುವವನಲ್ಲ.

ಒಂದು ಗಂಟೆಯಾಯಿತು, ಎರಡಾಯಿತು. ಶಾಮಿಯಾನದ ಕಿಂಡಿಯಿಂದ ಬಿದ್ದ ಬಿಸಿಲಿನ ಚೌಕ ಅಧ್ಯಕ್ಷರ ಕುರ್ಚಿಯ ಮೇಲೇ ಇತ್ತು, ಅವರು ಕುರ್ಚಿ ಬಿಟ್ಟುಕೊಡಲು ಒಪ್ಪದೆ ಅದರಲ್ಲೇ ಬೇಯುತ್ತಿದ್ದರು. ಕಚೇರಿಯ ನೌಕರರಿಗೆ ಮೊದಲು ಹಬ್ಬವಾಗಿತ್ತು, ಮೂರು ಗಂಟೆಯ ಹೊತ್ತಿಗೆ ಅವರಿಗೂ ಸಾಕಾಯಿತು. ತೋಂಟಪ್ಪನವರ ಹೆಂಡತಿಯ ಫೋನು ಬಂತು. ಆ ದಿನ ಗೋಧೂಳಿಯಲ್ಲಿ ಅವರ ಮಗಳ ನಿಶ್ಚಿತಾರ್ಥವಿತ್ತು. "ಬೀಗರು ಬಂದು ಕೂತಿದ್ದಾರೆ, ನಿಮ್ಮೂರಲ್ಲಿ ಸಂಜೆ ಯಾವಾಗ ಆಗುತ್ತೆ ಅಂತ ಕೇಳ್ತಿದ್ದಾರೆ" ಎಂದು ಆಕೆ ಕೂಗಿದ್ದು ನಮಗೆಲ್ಲ ಕೇಳಿಸಿತು.

ಅಧ್ಯಕ್ಷರು ನನ್ನನ್ನು ಹತ್ತಿರ ಕರೆದರು. "ಏನಾದರೂ ಮಾಡಮ್ಮ" ಅಂದರು. ಅದುವರೆಗೆ ಕೇಳದಿದ್ದ ಧ್ವನಿ ಅದು.

"ಸಾಹೇಬರ ಚೀಲದಲ್ಲಿದೆಯಲ್ಲ ಸ್ವಾಮಿ" ಅಂದೆ.

"ಅದು ತಿರಸ್ಕೃತ!" ಎಂದು ಶ್ಯಾಮಣ್ಣ ಹೌಹಾರಿದ. "ತಿರಸ್ಕೃತ ಮಾದರಿಯಿಂದ ನೋಟ ನೋಡೋ ಹಾಗಿಲ್ಲ." ಆಮೇಲೆ ಅವನು ರಿಜಿಸ್ಟರನ್ನು ಎದೆಗವಚಿಕೊಂಡ. ನನ್ನನ್ನು ನೋಡಿದ, ಅಪ್ಪನನ್ನು ನೋಡಿದ. ಹದಿನೆಂಟು ವರ್ಷ ಅಪ್ಪನ ಪಕ್ಕ ನಿಂತು 'ನೋಟವಾಯಿತು' ಎಂದು ಬರೆದವನು ಅವನು. ಮೆಲ್ಲಗೆ ಹೇಳಿದ: "ಆದರೆ ತಿರಸ್ಕೃತ ಮಾದರಿಯನ್ನ ಅಧ್ಯಕ್ಷರು ಮರುಪರೀಕ್ಷೆ ಮಾಡಬಹುದು. ಅದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ."

ಅವನು ಆಡಿದ ಮಾತುಗಳಲ್ಲಿ ನನಗೆ ಇಷ್ಟವಾದದ್ದು ಅದೊಂದೇ. ಸಾಹೇಬರು ಚೀಲ ಬಿಚ್ಚಿದರು. ಅಧ್ಯಕ್ಷರು ಮುಟ್ಟಲು ಹೆದರಿದರು. ನಾನು ಇನ್ನೊಂದು ಹಪ್ಪಳ ತೆಗೆದುಕೊಂಡು ಅದರ ಹಿಂದೆಯೂ ಹಿಡಿದೆ. ಎಲ್ಲರೂ ಮೂಗು ಅರಳಿಸಿ ಕಾದರು. ವಾಸನೆಯಿಲ್ಲ, ಹೊಗೆಯಿಲ್ಲ. ಸಾಹೇಬರು ಫಿಲ್ಟರಿನ ಮೇಲೆ ಗೀರಿಲ್ಲವೆಂದು ತೋರಿಸಿದರು, ಅಂಚಿನ ಮುದ್ರೆ ತೋರಿಸಿದರು. "ಪರದೆಯೊಳಗಿಂದ ನೋಡಿದರೆ ಅದು ನೋಟವೇ? ಅವನು ಒಪ್ಪುತ್ತಾನಾ?" ಎಂದು ಹಿರಿಯರೊಬ್ಬರು ಸಂಶಯ ತೆಗೆದರು. ಒಪ್ಪುತ್ತಾನೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಎರಡು ಕಣ್ಣೂ ಅದೊಂದು ಪ್ರಶ್ನೆಯ ಮೇಲೆ ನಿಂತಿದ್ದವು. ತೋಂಟಪ್ಪನವರು ಮನೆದೇವರನ್ನು ನೆನೆದು ದುರ್ಬೀನನ್ನು ಕಣ್ಣಿಗಿಟ್ಟುಕೊಂಡರು.

"ಕತ್ತಲೆ" ಅಂದರು. "ಇನ್ನೂ ಕತ್ತಲೆ... ಮೇಲೆತ್ತಲಾ? ಎಡಕ್ಕಾ? ಎಲ್ಲಿ... ಅಯ್ಯೋ!"

"ಏನಾಯ್ತು ಸ್ವಾಮಿ?"

"ದುಂಡಗಿದಾನೆ ಕಣ್ರೀ! ಕಿತ್ತಳೆ ಪೆಪ್ಪರಮಿಂಟಿನ ಹಾಗಿದಾನೆ! ಕೆನ್ನೆ ಮೇಲೆ ಒಂದು ಮಚ್ಚೆ ಇದೆ!" ಆಮೇಲೆ ಅವರ ಧ್ವನಿ ಇಳಿಯಿತು. "ಇಷ್ಟೇನಾ ಇವನು?"

ಕಂಬದ ಬುಡದಲ್ಲಿ ಮುದುರಿಕೊಂಡಿದ್ದ ನೆರಳು ಮೂಡಣದ ಕಡೆ ಒಂದು ಬೆರಳಷ್ಟು ಚಾಚಿತು. ಜನ ಹೋ ಎಂದರು. ವಾದ್ಯದವರು ಎಚ್ಚೆತ್ತು ಬಾರಿಸಿದರು. ನಾನು ಅಲ್ಲೇ ಮೇಜಿನ ಕಾಲಿಗೆ ಒರಗಿ ಕೂತುಬಿಟ್ಟೆ.

ಮರುದಿನ ಊರ ಗೋಡೆಗಳ ಮೇಲೆಲ್ಲ ಅಧ್ಯಕ್ಷರು ಸೂರ್ಯನನ್ನು ಕದಲಿಸುತ್ತಿರುವ ಫೋಟೋ ಅಂಟಿಸಿದ್ದರು. ಆದರೆ ಕಾಗದಪತ್ರದಲ್ಲಿ ದೊಡ್ಡ ಗಂಟು ಉಳಿಯಿತು. ಎರಡನೇ ಮಾದರಿಯಲ್ಲಿ ಏನೂ ಕಾಣಿಸುವುದಿಲ್ಲವೆಂದು ಸಮಿತಿ ಒಮ್ಮತದಿಂದ ಬರೆದಾಗಿದೆ, ಒಮ್ಮತವನ್ನು ತಿದ್ದಲು ಒಮ್ಮತವೇ ಬೇಕು, ಅಂಥದ್ದು ನಮ್ಮ ಪುರಸಭೆಯಲ್ಲಿ ಎರಡನೇ ಸಲ ಆಗುವುದಿಲ್ಲ. ಆದ್ದರಿಂದ ಎರಡನೇ ಮಾದರಿಯನ್ನು ಇವತ್ತಿನವರೆಗೆ ಕೊಂಡಿಲ್ಲ. ಅದು ಮರುಪರೀಕ್ಷೆಯಲ್ಲಿದೆ. ದಿನಾ ಮಧ್ಯಾಹ್ನ ನಾನು ನೋಡುವುದು ನೋಟವಲ್ಲ, ಅಧ್ಯಕ್ಷರ ಪರವಾಗಿ ಮಾಡುವ ಮರುಪರೀಕ್ಷೆ. ಶ್ಯಾಮಣ್ಣ ದಿನಾ 'ಫಲಿತಾಂಶ ಪರಿಶೀಲನೆಯಲ್ಲಿದೆ' ಎಂದು ಬರೆಯುತ್ತಾನೆ, ಸೂರ್ಯ ದಿನಾ ಕದಲುತ್ತಾನೆ. ಮೊದಲನೇ ಮಾದರಿ ಪುರಸಭೆಯಲ್ಲಿ ಅಧ್ಯಕ್ಷರ ಕೋಣೆಯ ಗಾಜಿನ ಕಪಾಟಿನಲ್ಲಿದೆ, ಅದರಿಂದ ಅವರು ಹೋಟೆಲಿನ ಮೇಲೆ ಕಣ್ಣಿಟ್ಟಿರುವುದರಿಂದ ಈಚೆಗೆ ದೋಸೆಯ ಕಾವಲಿ ಶುಚಿಯಾಗಿದೆ. ಖಲಂದರ್ ಸಾಹೇಬರು ತಮ್ಮ ಅಂಗಡಿಯ ಮುಂದೆ 'ಪುರಸಭೆಯಿಂದ ತಿರಸ್ಕೃತ' ಎಂಬ ಬೋರ್ಡು ಹಾಕಿದ್ದಾರೆ. ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ, ವ್ಯಾಪಾರ ಜೋರಾಗಿದೆ. ನನ್ನ ಕಣ್ಣಿನ ಹೆಸರುಕಾಳು ಸಮಿತಿಯ ಎರಡು ತಿಂಗಳಲ್ಲಿ ತೊಗರಿಕಾಳಾಗಿತ್ತು, ಈಗ ತೊಗರಿಕಾಳಾಗಿಯೇ ನಿಂತಿದೆ. ಹೋಗಲಿಲ್ಲ, ಬೆಳೆಯಲೂ ಇಲ್ಲ. ಕೆನೆ ಬಣ್ಣವೋ ಅರಿಶಿನವೋ ಎಂದು ಈಗಲೂ ತಲೆ ಓರೆ ಮಾಡುತ್ತೇನೆ, ಓರೆ ಮಾಡಿದರೆ ಗೊತ್ತಾಗುತ್ತದೆ. ಡಬ್ಬಿಗಳನ್ನು ಎತ್ತಿಟ್ಟಿದ್ದೇನೆ.

ಮೊನ್ನೆ ಅಪ್ಪ ತಾನೂ ತಾರಸಿಗೆ ಬರುತ್ತೇನೆಂದ. ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಸೂರ್ಯ ಬಂದು ನಿಂತಿದ್ದ. "ಹೇಗಿದಾನೆ ಹೇಳು" ಅಂದ. ನಾನು ದುರ್ಬೀನು ಹಿಡಿಯುವ ಮುಂಚೆಯೇ ಹಿಂದಿನ ದಿನ ನೋಡಿದ್ದನ್ನು ಹೇಳಿದೆ. ದುಂಡಗೆ, ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನುಣ್ಣಗೆ, ಕೆನ್ನೆಯ ಮೇಲೆ ಎರಡು ಮಚ್ಚೆ, ದಿನಕ್ಕಿಷ್ಟು ಅಂತ ಅವು ಆಚೆಗೆ ಸರಿಯುತ್ತವೆ.

"ಮಚ್ಚೆ ಇದಾವಾ ಅವನಿಗೆ?" ಎಂದು ಅಪ್ಪ ಆಶ್ಚರ್ಯಪಟ್ಟ. ಸ್ವಲ್ಪ ಹೊತ್ತು 'ಮಚ್ಚೆ, ಮಚ್ಚೆ' ಎಂದು ಬಾಯಲ್ಲೇ ಅಂದುಕೊಂಡ. "ಮೂವತ್ತೊಂದು ವರ್ಷ ದಿನಾ ನೋಡ್ದೆ ಕಣವ್ವ. ಒಂದು ದಿನಾನೂ ಅವನು ನನಗೆ ಕಾಣ್ಲಿಲ್ಲ. ಬರೀ ಉರಿ ಕಾಣ್ತಿತ್ತು. ಉರಿನೇ ಅವನು ಅಂದ್ಕೊಂಡಿದ್ದೆ."

ಆಮೇಲೆ ಕೈ ಚಾಚಿದ. ನಾನು ದುರ್ಬೀನನ್ನು ಕೊಟ್ಟೆ. ಅಪ್ಪ ಅದನ್ನು ಹಳೆಯ ರೂಢಿಯಂತೆ ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ ನಿಂತು, ಕತ್ತೆತ್ತಿದ. ಬಿಸಿಲಿನ ಕಾವು ಎಲ್ಲಿಂದ ಬರುತ್ತದೆಂದು ಅವನ ಮುಖಕ್ಕೆ ಗೊತ್ತಿತ್ತು, ಒಂದು ಕೂದಲೆಳೆಯೂ ತಪ್ಪದೆ ಸೂರ್ಯನಿಗೇ ಗುರಿಯಿಟ್ಟ. ಪಕ್ಕದ ತಾರಸಿಯಲ್ಲಿ ಕೆಂಚಮ್ಮ ಹಪ್ಪಳ ಮಗುಚುವುದನ್ನು ಬಿಟ್ಟು ನಿಂತಳು. ಕಂಬದ ನೆರಳು ಅಲುಗಲಿಲ್ಲ. ಶ್ಯಾಮಣ್ಣ ರಿಜಿಸ್ಟರಿನಿಂದ ತಲೆಯೆತ್ತದೆ ಅಭ್ಯಾಸಬಲದಿಂದ, "ಫಲಿತಾಂಶ?" ಎಂದು ಕೇಳಿದ.

"ಏನೂ ಕಾಣಿಸೋದಿಲ್ಲ" ಅಂದ ಅಪ್ಪ. "ಬರ್ಕೊಳ್ಳಿ."

ಶ್ಯಾಮಣ್ಣ ತಲೆಯೆತ್ತಿದ. ಆ ಸಾಲನ್ನು ಒಂದು ಸಲ ದುಂಡಗಿನ ಅಕ್ಷರದಲ್ಲಿ ಬರೆದು ಅಧ್ಯಕ್ಷರ ಸಹಿ ಹಾಕಿಸಿದವನು ಅವನೇ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ನಾನು ಅಪ್ಪನ ಕೈಯಿಂದ ದುರ್ಬೀನು ತೆಗೆದುಕೊಂಡು, ಗೀರಿದೆಯೇ ಎಂದು ನೋಡಿ, ಕಣ್ಣಿಗಿಟ್ಟುಕೊಂಡೆ. ನಮ್ಮಪ್ಪನಿಗೆ ಕಾಣಿಸದಿದ್ದವನು ಎರಡು ಮಚ್ಚೆ ಇಟ್ಟುಕೊಂಡು ನನ್ನೆದುರು ಸುಮ್ಮನೆ ನಿಂತಿದ್ದ. ನಾನು ಅವನನ್ನು ನೋಡಿದೆ, ಅವನು ಕದಲಿದ. ಆವತ್ತಿನ ಪುಟದಲ್ಲಿ ಶ್ಯಾಮಣ್ಣ ಏನನ್ನೂ ಬರೆಯಲಿಲ್ಲ.